ಅಪ್ಪನ ಅಂಗಾಲ ಉರಿ ತಾನಾಗೇ ನಿಂತೈತಿ, ಒಳ್ಳೇದೋ ಕೆಟ್ಟದ್ದೋ? ಶುಗರ್ ಇದ್ದ ಮನಿಯವರು ಅನುಭವ ಹೇಳ್ರಿ

ಸಿಂಧನೂರು ಕಡೆಯವ:

ಎಲ್ಲಾರಿಗೂ ನಮಸ್ಕಾರ. ನಮ್ಮಪ್ಪಗ 62 ವರ್ಷ. ಶುಗರ್ ಬಂದು 15 ವರ್ಷದ ಮ್ಯಾಲಾತು. ಸಿಂಧನೂರು ತಾಲೂಕಿನ್ಯಾಗ ಕಾಲುವಿ ನೀರಿನ ಹೊಲ ಐತಿ, ನೆಲ್ಲು ಹಚ್ತೀವಿ, ಹಿಂಗಾಗಿ ನಾಟಿ ದಿನದಾಗ ಅಪ್ಪನ ಕಾಲು ಮುಂಜಾನಿಂದ ಸಂಜಿತನ ಕೆಸರಿನ್ಯಾಗನ ಇರ್ತಾವ. ನಾನು ಬೆಂಗಳೂರಾಗ ಇರೋದು, ಹಬ್ಬ ಹುಣ್ಣಿವಿಗೆ ಊರಿಗೆ ಬರ್ತೀನಿ.

ಮದ್ಲ ರಾತ್ರಿ ಅಂಗಾಲು ಉರಿತಾವ ಅಂತ ಹಸಿ ಟವೆಲ್ ಸುತ್ಕೊಂಡು ಮಲಗ್ತಿದ್ದ. ಡಾಕ್ಟರ್ ಗುಳಿಗಿ ಕೊಟ್ಟಿದ್ರು. ಈಗ ಕೆಲವು ತಿಂಗಳಿಂದ ಉರಿ ಪೂರ್ತಿ ನಿಂತೈತಿ. "ನನ್ನ ಕಾಲು ಆರಾಮಾದ್ವು" ಅಂತ ಗುಳಿಗಿನೂ ಬಿಟ್ಟಾನ. ಆದ್ರ ಶುಗರ್ ಏನೂ ಕಮ್ಮಿ ಆಗಿಲ್ಲ, ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ ಒನ್ ಸಿ 9.6 ಬಂದೈತಿ. ಮೊನ್ನೆ ನಾ ಊರಾಗಿದ್ದಾಗ ಹೊಲದಿಂದ ಮನಿಗೆ ಬಂದ, ಒಂದು ಕಾಲಾಗ ಚಪ್ಲಿ ಐತಿ, ಇನ್ನೊಂದು ಬರಿಗಾಲು. ಎಲ್ಲಿ ಬಿಟ್ಟಿ ಅಂದ್ರ ತನಗನ ಗೊತ್ತಿಲ್ಲ. ಮನ್ಯಾಗ ಎಲ್ಲಾರೂ ನಕ್ರು, ನನಗ ಯಾಕೋ ನಗು ಬರಲಿಲ್ಲ.

ಇದರ ಮ್ಯಾಲ ಯುಗಾದಿಗೆ ಬರಿಗಾಲಿಲೆ ಶ್ರೀಶೈಲಕ್ಕ ನಡಕೊಂಡು ಹೋಗ್ತೀನಿ ಅಂತ ಮಲ್ಲಯ್ಯಗ ಹರಕಿ ಹೊತ್ತಾನ. ಬೀಡಿ ಸೇದ್ತಾನ, ಹಿಮ್ಮಡಿ ಒಡದಾವ, ಕಣ್ಣು ಸ್ವಲ್ಪ ಮಂಜು. ಶುಗರ್ ಇದ್ದೋರ ಪೈಕಿ ಯಾರ ಕಾಲಿಗೆ ಅಪಾಯ ಜಾಸ್ತಿ, ಯಾರಿಗೆ ಕಮ್ಮಿ ಅನ್ನೋದು ಹೆಂಗ ತಿಳ್ಕೋಬೇಕು? ನಿಮ್ಮ ಮನ್ಯಾಗ ಏನಾತು, ಏನು ಮಾಡಿದ್ರಿ, ಹೇಳ್ರಿ.

ಗಂಗಾವತಿ ಅಕ್ಕ:

ತಮ್ಮಾ, ಆ ಚಪ್ಲಿ ಸುದ್ದಿ ಹಗುರ ತಗೋಬ್ಯಾಡ. ನಮ್ಮವ್ವಗೂ ಹಂಗ ಆಗಿತ್ತು, ಹುಲಗಿಗೆ ಹುಲಿಗೆಮ್ಮನ ಗುಡಿಗೆ ಹುಣ್ಣಿವಿಗೆ ಹೋದಾಗ ಗದ್ದಲದಾಗ ಚಪ್ಲಿ ಜಾರಿ ಹೋಗಿತ್ತು, ಆಕಿ ಹಂಗ ನಡಕೊಂತ ಬಂದಾಳ. ಚಪ್ಲಿ ಕಾಲಾಗಿಲ್ಲ ಅನ್ನೋದು ಅಂಗಾಲಿಗೆ ಗೊತ್ತಾಗಂಗಿಲ್ಲ ಅಂದ್ರ ಮುಳ್ಳು, ಗಾಜು, ಕೆಂಡ ಯಾವುದೂ ಗೊತ್ತಾಗಂಗಿಲ್ಲ. ಉರಿ ಇರೋತನ ನರ ಸಿಟ್ಟಿಲೆ ಆದ್ರೂ ಮಾತಾಡ್ತಿರ್ತಾವ, ಪೂರ್ತಿ ಸತ್ತ ಮ್ಯಾಲ ಉರಿನೂ ಇರಂಗಿಲ್ಲ ಅಂತ ನಮ್ಮ ಡಾಕ್ಟರ್ ಹೇಳಿದ್ರು. ಶುಗರ್ ಹತೋಟಿಗೆ ಬಂದು ಉರಿ ನಿಂತ್ರ ಮಾತು ಬ್ಯಾರೆ. 9.6 ಇದ್ದಾಗ ನಿಂತೈತಿ ಅಂದ್ರ ತೋರಿಸ್ಲೇಬೇಕು.

ಹೆಣ್ಮಕ್ಕಳು ಇರೋ ಮನ್ಯಾಗ ಇನ್ನೊಂದು ನೋಡ್ರಿ, ಕಾಲುಂಗುರ. ಸಂಜಿಮುಂದ ಅವ್ವನ ಪಾದ ಬಾಯ್ತಿದ್ವು. ಉಂಗುರ ಬೆರಳಿಗೆ ಕಚ್ಚಿ, ಅದರ ಕೆಳಗ ಗಾಯಾಗಿ ಕೀವು ತುಂಬಿತ್ತು. ನೋವು ಇಲ್ಲ, ಕಣ್ಣಿಗೆ ಕಾಣಂಗಿಲ್ಲ. ನನ್ನ ಮಗಳು ಅಜ್ಜಿ ಬಾಜು ಕುಂತಾಗ "ಏನೋ ವಾಸನಿ ಬರ್ತೈತಿ" ಅಂದ್ಲು, ಆಗ ಗೊತ್ತಾತು. ಪತ್ತಾರನ ಕಡಿಂದ ಉಂಗುರ ಕತ್ತರಿಸಿ ತಗಿಸಿದ್ವಿ. ಬೆರಳು ಉಳೀತು. "ನಿಮ್ಮಪ್ಪ ಗಟ್ಟಿ ಇರೋವಾಗ ಬರಿಬೆರಳು ಹೆಂಗ ಇರ್ಲಿ" ಅಂತ ಅವ್ವ ಅತ್ತದ್ದು ಬ್ಯಾರೆ. ಕಡೀಗೆ ಗಾಯ ಮಾಯ್ದ ಮ್ಯಾಲ ಬಾಯಿ ಬಿಟ್ಟ ಸಡಿಲ ಉಂಗುರ ಮಾಡಿಸಿಕೊಟ್ವಿ. ರಾತ್ರಿ ಮಲಗೂಮುಂದ ತಗದಿಡ್ತಾಳ.

ರಾಯಚೂರು ಜಿಲ್ಲೆ, ಸ್ಟಾಫ್ ನರ್ಸ್:

ನಾನು ಒಂದು ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತೀನಿ. ಬಿಪಿ, ಶುಗರ್‌ನವರು ಬರೋದು ನಮ್ಮ ಹತ್ರಾನೇ. ಡಾಕ್ಟರ್ ಅಲ್ಲ, ಆದ್ರೆ ಕಾಲು ನೋಡೋ ಕೆಲಸ ದಿನಾ ಇರುತ್ತೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಕಾಲು ನೋಡುವಾಗ ನಾವು ಮೊದಲು ಕೇಳೋದು ಶುಗರ್ ಎಷ್ಟಿದೆ ಅಂತಲ್ಲ. ಹಿಂದೆ ಪಾದದಲ್ಲಿ ಹುಣ್ಣಾಗಿತ್ತಾ, ಬೆರಳು ತೆಗೆದಿದ್ದಾರಾ ಅಂತ. ಒಮ್ಮೆ ಹುಣ್ಣಾಗಿ ಮಾಯ್ದವರಲ್ಲಿ ನೂರಕ್ಕೆ ಸುಮಾರು 40 ಜನಕ್ಕೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತೆ. ಇದಕ್ಕಿಂತ ದೊಡ್ಡ ಅಪಾಯದ ಗುರುತು ಇನ್ನೊಂದಿಲ್ಲ. ನಿಮ್ಮ ತಂದೆಗೆ ಹಿಂದೆ ಆಗಿಲ್ಲ ಅಂದ್ರೆ ಅದೊಂದು ಒಳ್ಳೇ ಸುದ್ದಿ.

ಆಮೇಲೆ ಸ್ಪರ್ಶ. ಮಾನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇದೆ, 10 ಗ್ರಾಂ ಒತ್ತಡ ಬಿದ್ದಾಗ ಬಾಗುತ್ತೆ. ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ, ಗೊತ್ತಾಯ್ತಾ ಅಂತ ಕೇಳ್ತೀವಿ. 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳ ಮೂಳೆ ಮೇಲೆ ಇಟ್ಟು ನಡುಕ ತಿಳಿಯುತ್ತಾ ನೋಡ್ತೀವಿ. ಮನೆಯಲ್ಲಿ ಇದ್ಯಾವುದೂ ಇರಲ್ಲ, ಅದಕ್ಕೆ ಇದನ್ನು ಮಾಡಿ: ತಂದೆ ಕಣ್ಣು ಮುಚ್ಚಿಕೊಂಡಿರಲಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ಒಟ್ಟು ಆರು ಜಾಗದಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗ್ಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ.

ರಕ್ತ ಓಡಾಟ ಇನ್ನೊಂದು ದೊಡ್ಡ ವಿಷಯ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತೆ ಅಂದ್ರೆ ರಕ್ತನಾಳ ಕಿರಿದಾಗಿರಬಹುದು. ಆದ್ರೆ ನರ ಸತ್ತವರಿಗೆ ಆ ನೋವೂ ಬರದೇ ಇರಬಹುದು, ಅದಕ್ಕೆ ನೋವಿಲ್ಲ ಅಂತ ನಂಬೋ ಹಾಗಿಲ್ಲ. ಪಾದದ ಮೇಲೆ, ಕಣಕಾಲಿನ ಒಳಬದಿ ಗಂಟಿನ ಹಿಂದೆ ನಾಡಿ ಮುಟ್ಟಿ ನೋಡ್ತಾರೆ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಮ್ಮಿ ಬಂದ್ರೆ ಕಾಲಿಗೆ ರಕ್ತ ಸಾಲ್ತಿಲ್ಲ ಅಂತ. ತುಂಬಾ ವರ್ಷದ ಶುಗರ್‌ನಲ್ಲಿ ರಕ್ತನಾಳ ಗಟ್ಟಿಯಾಗಿ ಈ ಲೆಕ್ಕ 1.3 ದಾಟೋದೂ ಉಂಟು. ಅದನ್ನು ನೋಡಿ ಚೆನ್ನಾಗಿದೆ ಅಂದುಕೊಳ್ಳಬಾರದು. ಬೀಡಿ, ಸಿಗರೇಟು ಕೆಡಿಸೋದು ಈ ಲೆಕ್ಕಾನೇ.

ಪಾದದ ಆಕಾರ ಕೆಟ್ಟಿದ್ರೆ, ಬೆರಳು ಕೊಕ್ಕೆ ಥರ ಬಾಗಿದ್ರೆ, ಆಣಿ ಎದ್ದಿದ್ರೆ ಒತ್ತಡ ಒಂದೇ ಕಡೆ ಬೀಳುತ್ತೆ. ಕಿಡ್ನಿ ತೊಂದರೆ, ಅದರಲ್ಲೂ ಡಯಾಲಿಸಿಸ್ ಆಗ್ತಿರೋರು ಬಹಳ ಜೋಪಾನ. ಕಣ್ಣು ಮಂಜಾದವರಿಗೆ ಸ್ವಂತ ಕಾಲೇ ಕಾಣಲ್ಲ. ಬೆವರು ನಿಂತು ಒಣಗಿದ ಚರ್ಮ ಸೀಳುತ್ತೆ, ಆ ಸೀಳಿನಲ್ಲಿ ಗದ್ದೆ ಕೆಸರು ಹೋಗಿ ಕೂರುತ್ತೆ.

ಇವು ಒಂದರ ಮೇಲೊಂದು ಕೂಡ್ತಾ ಹೋಗ್ತವೆ. ಸ್ಪರ್ಶವೂ ರಕ್ತವೂ ಸರಿ ಇದ್ರೆ ವರ್ಷಕ್ಕೊಮ್ಮೆ ಕಾಲು ತೋರಿಸಿದ್ರೆ ಸಾಕು. ಎರಡರಲ್ಲಿ ಒಂದು ಹೋಗಿದ್ರೆ 6ರಿಂದ 12 ತಿಂಗಳಿಗೊಮ್ಮೆ. ಎರಡೂ ಹೋಗಿದ್ರೆ, ಇಲ್ಲಾ ಒಂದು ಹೋಗಿ ಜೊತೆಗೆ ಆಕಾರವೂ ಕೆಟ್ಟಿದ್ರೆ 3ರಿಂದ 6 ತಿಂಗಳಿಗೊಮ್ಮೆ. ಅದರ ಮೇಲೆ ಹಳೇ ಹುಣ್ಣು, ಹೋದ ಬೆರಳು, ಪೂರ್ತಿ ಕೈಕೊಟ್ಟ ಕಿಡ್ನಿ ಇದ್ರೆ 1ರಿಂದ 3 ತಿಂಗಳಿಗೊಮ್ಮೆ. ಹುಣ್ಣಿದ್ರೆ ಈ ಲೆಕ್ಕ ಇಲ್ಲ, ಅದೇ ದಿನ ಬರಬೇಕು.

ಮರೆತಿದ್ದೆ: ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ವರ್ಷಾನುಗಟ್ಟಲೆ ತಗೊಂಡೋರಿಗೆ ಬಿ12 ವಿಟಮಿನ್ ಕಮ್ಮಿಯಾಗಿಯೂ ಕಾಲು ಜೋಮು ಬರುತ್ತೆ. ಅದನ್ನೂ ಪರೀಕ್ಷೆ ಮಾಡಿಸಿ, ಅದು ಸರಿ ಮಾಡಬಹುದಾದ್ದು.

ಬಳ್ಳಾರಿ, ಕೌಲ್ ಬಜಾರ್:

ನಮ್ಮ ಸೋದರಮಾವನ ಕಥೆ ಹೇಳ್ತೀನಿ, ಇದ್ರಿಂದ ಒಬ್ಬರ ಕಾಲಾದ್ರೂ ಉಳೀಲಿ.

ಮಾವಂದು ಸಿರುಗುಪ್ಪ ಕಡೆ ಹೊಲ. ಹವಾಯಿ ಚಪ್ಲಿ ಹಾಕ್ಕೊಂಡು ಬದು ಮೇಲೆ ಓಡಾಡೋರು. ನಮ್ಮ ಕಡೆ ಬಳ್ಳಾರಿ ಜಾಲಿ ಇಲ್ಲದ ಬದು ಎಲ್ಲೈತೆ ಹೇಳಿ. ಊರಿನ ಹೆಸರೇ ಹೊತ್ತ ಆ ಮುಳ್ಳು ಹವಾಯಿ ಅಟ್ಟೆ ದಾಟಿ ಸೀದಾ ಒಳಗೆ ಹೋಗುತ್ತೆ. ಹೋಗಿತ್ತು. ಮಾವಂಗೆ ಗೊತ್ತೇ ಆಗಿಲ್ಲ, ಬಚ್ಚಲಲ್ಲಿ ಕಾಲು ತೊಳೆಯೋವಾಗ ನೀರು ಕೆಂಪಗೆ ಹರಿದಾಗ ಅತ್ತೆ ನೋಡಿದ್ದು. ಮುಳ್ಳು ಕಿತ್ತರು, ತುದಿ ಒಳಗೇ ಉಳಿದಿತ್ತು. ಅರಿಶಿನ, ಕಾಫಿ ಪುಡಿ ಮೆತ್ತಿದ್ರು. ಮೇಲೆ ಮುಚ್ಚಿಕೊಂಡು ಒಳಗೆ ಕೀವಾಯ್ತು.

ಆಮೇಲೆ ಒಂದು ಕ್ಲಿನಿಕ್‌ಗೆ ಹಾಕಿದ್ರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಏನೂ ಇಲ್ಲ ಅಂದ್ರು. ಮುಳ್ಳು, ಕಟ್ಟಿಗೆ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣೋದೇ ಇಲ್ಲ, ಸ್ಕ್ಯಾನಿಂಗ್ ಮಾಡಿ ನೋಡ್ಬೇಕು ಅಂತ ಆಮೇಲೆ ಬೇರೆ ಡಾಕ್ಟರ್ ಹೇಳಿದ್ರು. ದಿನಾ ಡ್ರೆಸ್ಸಿಂಗ್, ದಿನಾ ಆಂಟಿಬಯಾಟಿಕ್. ಗಾಯ ಇದ್ದಷ್ಟೇ ಐತೆ. ಯಾಕೆ ಗೊತ್ತಾ? ಡ್ರೆಸ್ಸಿಂಗ್ ಮಾಡಿಸ್ಕೊಳ್ಳಾಕೆ ಅದೇ ಕಾಲಲ್ಲಿ ನಡಕೊಂಡು ಹೋಗ್ತಿದ್ರು! ಆ ಕಾಲು ಊರಬೇಡಿ ಅಂತ ಯಾರೂ ಒಂದು ಮಾತು ಹೇಳಿಲ್ಲ. ನೋವು ಇರೋರಾದ್ರೆ ಕುಂಟ್ತಾರೆ, ಮಲಗ್ತಾರೆ, ಗಾಯಕ್ಕೆ ವಿಶ್ರಾಂತಿ ಸಿಗುತ್ತೆ. ಇವರಿಗೆ ನೋವಿಲ್ಲ, ಪೂರ್ತಿ ಭಾರ ಹಾಕಿ ನಡೀತಾರೆ, ರಾತ್ರಿ ಕೂಡಿದ್ದು ಹಗಲು ಹರಿಯುತ್ತೆ. ಕೊನೆಗೆ ಮೂಳೆಗೆ ಸೋಂಕು ಹತ್ತಿ ಎರಡನೇ ಬೆರಳು ತೆಗೆದ್ರು.

ಬೆರಳು ಹೋದ ಮೇಲೆ ಮುಗೀತು ಅಂದುಕೊಂಡ್ವಿ. ಪಕ್ಕದ ಬೆರಳುಗಳು ಆ ಸಂದಿಗೆ ವಾಲಿದ್ವು, ಭಾರ ಬೀಳೋ ಜಾಗ ಬದಲಾಯ್ತು, ಹೆಬ್ಬೆರಳ ಬುಡದಲ್ಲಿ ಹೊಸ ಆಣಿ, ಆಣಿ ಕೆಳಗೆ ಹೊಸ ಹುಣ್ಣು. ಈ ಸಲ ಡಾಕ್ಟರ್ ಮೊಣಕಾಲ ಕೆಳಗಿನವರೆಗೆ ಪ್ಲಾಸ್ಟರ್ ಥರ ಕಟ್ಟಿ, ಭಾರ ಪೂರ್ತಿ ಪಾದಕ್ಕೆ ಹಂಚೋ ಹಂಗೆ ಮಾಡಿದ್ರು. ಔಷಧಿ ಹೆಚ್ಚು ಕಮ್ಮಿ ಅದೇ, ಆದ್ರೆ ಈ ಸಲ ಮಾಯ್ತು. ಯಾರೇ ಡ್ರೆಸ್ಸಿಂಗ್ ಮಾಡಲಿ, "ಈ ಗಾಯದ ಮೇಲಿನ ಭಾರ ಹೆಂಗೆ ತಪ್ಪಿಸೋದು ಸರ್" ಅಂತ ಬಾಯಿಬಿಟ್ಟು ಕೇಳಿ.

ಕುಷ್ಟಗಿ ಹಿರಿಯರು:

ಎಲ್ಲಾರೂ ಹೆದರಿಸಾಕ ಹತ್ತೀರಿ. ನಮ್ಮಜ್ಜಗ ಶುಗರ್ ಇತ್ತು, 80ರ ತನಕ ಬರಿಗಾಲಾಗ ಎರಿ ಹೊಲದಾಗ ಅಡ್ಡಾಡಿದ. ಬೂಟು ಹಾಕಿದವರ ಕಾಲನ ಮದ್ಲ ಕೆಟ್ಟಾವ. ದೇವರ ಹರಕಿ ಹೊತ್ತವಗ ದೇವರು ನೋಡ್ಕೊಂತಾನ, ಅಪ್ಪನ ಮನಸ್ಸು ಮುರಿಬ್ಯಾಡ್ರಿ.

ರಾಯಚೂರು ಜಿಲ್ಲೆ, ಸ್ಟಾಫ್ ನರ್ಸ್:

ಹಿರಿಯರೇ, ನಿಮ್ಮ ಅಜ್ಜನ ಮಾತು ಸುಳ್ಳಿರಲಿಕ್ಕಿಲ್ಲ. ಅವರ ಕಾಲಿಗೆ ಸ್ಪರ್ಶ ಉಳಿದಿತ್ತು, ರಕ್ತ ಓಡ್ತಿತ್ತು ಅಂತ ಕಾಣುತ್ತೆ. ಶುಗರ್ ಇದ್ದೋರೆಲ್ಲರ ಕಾಲೂ ಒಂದೇ ಅಲ್ಲ, ಅದಕ್ಕೇ ಪರೀಕ್ಷೆ ಮಾಡೋದು. ಬಿಗಿ ಬೂಟಿನ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ, ಎಷ್ಟೋ ಹುಣ್ಣು ಶುರುವಾಗೋದು ಹೊಸ ಬೂಟಿನಿಂದಾನೇ. ಈ ತಮ್ಮನ ತಂದೆಗೆ ಚಪ್ಪಲಿ ಹೋದದ್ದೇ ಗೊತ್ತಾಗಿಲ್ಲ, ಅಲ್ಲೇ ವ್ಯತ್ಯಾಸ ಇರೋದು.

ರಾಯಚೂರು, ದಾಸೋಹ ಸೇವೆ:

ಯುಗಾದಿ ಟೈಮಿನ್ಯಾಗ ಮಲ್ಲಯ್ಯನ ಭಕ್ತರು ನಮ್ಮ ರಾಯಚೂರು ಮ್ಯಾಲ ಹಾದು ಹೋಗ್ತಾರ. ರಸ್ತೆ ಬಾಜು ಪೆಂಡಾಲ್ ಹಾಕಿ ಊಟ, ಮಜ್ಜಿಗಿ, ಕಾಲಿಗೆ ಎಣ್ಣಿ ಹಚ್ಚೋದು, ಗುಳಿಗಿ ಕೊಡೋದು ಮಾಡ್ತೀವಿ. ಅಲ್ಲಿ ನೋಡಿದ್ದು ಹೇಳ್ತೀನಿ.

ಗುಳ್ಳಿ ಎಲ್ಲಾರಿಗೂ ಏಳ್ತಾವ. ಹುಡುಗ್ರು ಗುಳ್ಳಿ ಎದ್ದ ಕೂಡಲೇ ಯಪ್ಪಾ ಅಂತ ಕೂಡ್ತಾರ. ಶುಗರ್ ಇದ್ದ ಹಿರಿಯರು ಬರೋದು ಗುಳ್ಳಿ ಒಡೆದು, ತೊಗಲು ಸುಲಿದು, ಅದರಾಗ ಹಳ್ಳು ಸಿಕ್ಕ ಮ್ಯಾಲ. ಕೇಳಿದ್ರ "ಏನೂ ಇಲ್ಲ ತಮ್ಮಾ, ನೋವಿಲ್ಲ" ಅಂತಾರ. ಆ ಹೊತ್ತಿನ್ಯಾಗ ನಮ್ಮ ಕಡೆ ಬಿಸಿಲು ಗೊತ್ತಲ್ರೀ, ಡಾಂಬರು ಕುದೀತಿರ್ತದ. ಬರೀ ರಸ್ತೆ ಮ್ಯಾಲ ನಡದು ಅಂಗಾಲು ಸುಟ್ಟುಕೊಂಡವರನ್ನ ನೋಡೀನಿ. ಮುಂದ ನಲ್ಲಮಲ ಕಾಡಿನ ಕಲ್ಲು ಬ್ಯಾರೆ, ಭೀಮನಕೊಳ್ಳದಾಗ ಏನಾದ್ರೂ ಆದ್ರ ಗಾಡಿ ಬರೂದೂ ಕಷ್ಟ.

ನಮ್ಮ ಪೆಂಡಾಲಿನ್ಯಾಗ ಬಿಸಿನೀರಿನ ಬುಟ್ಟಿ ಇಡ್ತಿದ್ರು, ಕಾಲು ಅದ್ದಿ ಕೂಡಾಕ. ಜೋಮು ಹಿಡಿದ ಕಾಲಿಗೆ ಅದು ಕುದಿನೀರೋ ಉಗುರುಬೆಚ್ಚಗೋ ತಿಳಿಯಂಗಿಲ್ಲ. ಈಗ ಶುಗರ್ ಅದನೇನು ಅಂತ ಕೇಳಿನೇ ಮುಂದಿಂದು. ಗುಳ್ಳಿ ಸೂಜಿಲೆ ಚುಚ್ಚೋದನ್ನೂ ನಿಲ್ಲಿಸೀವಿ.

ಹರಕಿ ಮಾತು ಹಿರಿಯರು ಎತ್ತಿದ್ರು. ಪಾದಯಾತ್ರಿ ಮಾಡಾಕಾಗದವರು ನಮ್ಮಲ್ಲಿ ಬಂದು ಸೇವಾ ಮಾಡ್ತಾರ, ರೊಟ್ಟಿ ಕೊಡ್ತಾರ, ನೀರು ಕೊಡ್ತಾರ. ಅದೂ ಮಲ್ಲಯ್ಯಗ ಮುಟ್ತದ ಅಂತ ನಮ್ಮ ಸ್ವಾಮಿಗಳೇ ಹೇಳ್ತಾರ. ಅಪ್ಪಾರನ್ನ ಕರ್ಕೊಂಡು ಬಾ ತಮ್ಮಾ.

ಕೊಪ್ಪಳ ಟೀಚರ್:

ಗಾಯವೇ ಇಲ್ಲದ ಒಂದು ಕೇಸ್ ಹೇಳ್ತೀನಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ದೊಡ್ಡಪ್ಪನ ಎಡಪಾದ ಇದ್ದಕ್ಕಿದ್ದಂತೆ ಬಾತು, ಕೆಂಪಗಾಗಿ, ಮುಟ್ಟಿದರೆ ಬಿಸಿ. ನೋವು ಅಷ್ಟೇನಿಲ್ಲ. ಉಳುಕೈತಿ ಅಂತ ಉಳುಕು ತೆಗೆಯೋರ ಹತ್ತಿರ ಹೋಗಿ ತಿಕ್ಕಿಸಿಕೊಂಡ್ರು, ಓಡಾಡ್ತಾನೇ ಇದ್ರು. ಒಳಗೆ ಸಣ್ಣ ಮೂಳೆಗಳು ಮುರಿದು ಕುಸಿದಿದ್ವು. ಶಾರ್ಕೋ ಪಾದ ಅಂತಾರೆ. ಈಗ ಅಂಗಾಲಿನ ಕಮಾನು ಹೋಗಿ ನಡುವೆ ಉಬ್ಬಿದೆ, ಜೀವಮಾನವಿಡೀ ಅಲ್ಲೇ ಒತ್ತಡ. ಜೋಮು ಇರೋ ಪಾದ ಒಂದು ಕಡೆ ಬಿಸಿಯಾಗಿ ಬಾತರೆ, ಇನ್ನೊಂದು ಪಾದಕ್ಕಿಂತ 2 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ, ಕಾಲು ನೆಲಕ್ಕೆ ಊರದೆ ಡಾಕ್ಟರ್ ಹತ್ತಿರ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮುಂಗೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟಿ ಹೋಲಿಸಿ, ವ್ಯತ್ಯಾಸ ತಿಳಿಯುತ್ತೆ. ತಿಕ್ಕಿಸಬಾರದು.

ಕಾರಟಗಿ, ರೈಸ್ ಮಿಲ್:

ನಗಬ್ಯಾಡ್ರಿ ಮತ್ತ. ನಮ್ಮ ಮಿಲ್ಲಿನ ಕಾವಲುಗಾರಗ ರಾತ್ರಿ ಮಲಗಿದಾಗ ಇಲಿ ಬೆರಳು ಕಚ್ಚಿ ತಿಂದಿತ್ತು. ಬೆಳಿಗ್ಗೆ ಎದ್ದು ರಕ್ತ ನೋಡಿದ ಮ್ಯಾಲ ಗೊತ್ತಾತು. ಶುಗರ್ ಇದ್ದು ಜೋಮು ಇದ್ದೋರು ನೆಲದ ಮ್ಯಾಲ ಮಲಗಬಾರದು, ಮಂಚ ಬೇಕು, ಸೊಳ್ಳಿಪರದಿ ನಾಕೂ ಕಡಿ ಹಾಸಿಗಿ ಕೆಳಗ ಸಿಗಿಸಬೇಕು. ಉಂಡ ಮ್ಯಾಲ ಕೈ ಅಷ್ಟೇ ಅಲ್ಲ, ಕಾಲೂ ತೊಳದು ಒರಸಿ ಮಲಗ್ರಿ.

ಬಳ್ಳಾರಿ, ಪಾದರಕ್ಷೆ ಕೆಲಸ:

ಶುಗರ್‌ನವರಿಗೆ, ಕುಷ್ಠರೋಗ ವಾಸಿಯಾದವರಿಗೆ ಚಪ್ಪಲಿ ಮಾಡೋದು ನಮ್ಮ ಕೆಲಸ. ಇಬ್ಬರ ಕಷ್ಟವೂ ಒಂದೇ, ಅಂಗಾಲಿಗೆ ಸ್ಪರ್ಶ ಇಲ್ಲ. ಒಳಗೆ ಎಂಸಿಆರ್ ಅಂತ ಮೆತ್ತನೆ ರಬ್ಬರ್ ಹಾಕ್ತೀವಿ, ಗಡಸುತನ 15 ಶೋರ್. ಬೆರಳಿಂದ ಒತ್ತಿದ್ರೆ ತಗ್ಗಬೇಕು, ಬಿಟ್ರೆ ಮೇಲೆ ಬರಬೇಕು. ಕೆಳಗೆ ಗಟ್ಟಿ ಅಟ್ಟೆ ಇರಲೇಬೇಕು, ಬರೀ ಮೆತ್ತಗಿದ್ರೆ ಮೇಲಿನವರು ಹೇಳಿದ ಜಾಲಿ ಮುಳ್ಳು ಬಿಡಲ್ಲ. ಮೊಳೆ ಹೊಡೆದ ಚಪ್ಪಲಿ ಬೇಡ, ಅಂಟಿಸಿದ್ದು ಇಲ್ಲಾ ಹೊಲಿದದ್ದು ತಗೊಳ್ಳಿ. ಹಿಮ್ಮಡಿಗೆ ಪಟ್ಟಿ ಇರಲಿ, ಆಗ ಕಾಲಿಂದ ಕಳಚಿ ಬೀಳಲ್ಲ. ಹೆಬ್ಬೆರಳ ಸಂದಿಯಲ್ಲಿ ಉಂಗುಟ ಇರೋ ಚಪ್ಪಲಿ ಆ ಸಂದೀನೇ ಕೊಯ್ಯುತ್ತೆ, ಬೇಡವೇ ಬೇಡ.

ಅಳತೆ ಸಂಜೆ ಹೊತ್ತು ಕೊಡಿ, ಪಾದ ಸ್ವಲ್ಪ ಬಾತಿರುತ್ತೆ. ರಟ್ಟಿನ ಮೇಲೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಪಾದದ ಗೆರೆ ಹಾಕಿ, ಕತ್ತರಿಸಿ, ಆ ರಟ್ಟನ್ನು ಅಂಗಡಿ ಬೂಟಿನೊಳಗೆ ಹಾಕಿ ನೋಡಿ. ಮಡಚಿಕೊಂಡ್ರೆ ಆ ಬೂಟು ಅಲ್ಲೇ ಬಿಟ್ಟು ಬನ್ನಿ. "ಬಿಗಿ ಅನಿಸುತ್ತಾ" ಅಂತ ಕೇಳಿ ಉಪಯೋಗ ಇಲ್ಲ, ಅವರಿಗೆ ಅನಿಸೋದೇ ಇಲ್ಲ. ಸ್ಪರ್ಶ ಇಲ್ಲದವರು ಎಷ್ಟೋ ಸಲ ಬಿಗಿ ಇದ್ದದ್ದನ್ನೇ ಆರಿಸ್ತಾರೆ, ಕಾಲಲ್ಲಿ ಏನೋ ಇದೆ ಅಂತ ಗೊತ್ತಾಗೋದು ಅದೊಂದರಲ್ಲೇ. ಹೊಸದನ್ನು ಮೊದಲ ದಿನ ಅರ್ಧ ಗಂಟೆ, ಒಂದು ಗಂಟೆ ಹಾಕಿ ಬಿಚ್ಚಿ, ಕೆಂಪು ಗುರುತು ಎಲ್ಲಿ ಬಿದ್ದಿದೆ ನೋಡಿ ನಮ್ಮ ಹತ್ರ ವಾಪಸ್ ತನ್ನಿ, ಆ ಜಾಗ ಸರಿ ಮಾಡ್ತೀವಿ.

ಆಣಿಗೆ ಅಂಗಡಿಯ ಆಣಿ ಪಟ್ಟಿ ಹಚ್ಚಬೇಡಿ, ಅದರಲ್ಲಿರೋ ಆ್ಯಸಿಡ್ ಒಳ್ಳೇ ಚರ್ಮವನ್ನೂ ತಿನ್ನುತ್ತೆ. ಬ್ಲೇಡಂತೂ ಮುಟ್ಟಲೇಬೇಡಿ.

ಸಿಂಧನೂರು ಕಡೆಯವ:

ಎಲ್ಲಾರ ಉತ್ತರ ಅವ್ವಗ ಓದಿ ಹೇಳಿದೆ, ಅಪ್ಪಗ ಕೇಳೋ ಹಂಗ. ಮದ್ಲ ಮನ್ಯಾಗ ಬೆರಳು ಮುಟ್ಟೋ ಪರೀಕ್ಷಾ ಮಾಡಿದೆ. ಆರೂ ಜಾಗ ಮುಟ್ಟಿ ಮುಗಿಸಿ ಸುಮ್ನ ಕುಂತೆ. ಅಪ್ಪ ಕಣ್ಣು ಮುಚ್ಕೊಂಡು "ಹೂಂ, ಚಾಲೂ ಮಾಡು" ಅಂದ. ಅವ್ವ ನನ್ನ ಮುಖ ನೋಡಿದ್ಲು. ಮರುದಿನನ ಆಸ್ಪತ್ರಿಗೆ ಕರ್ಕೊಂಡು ಹೋದ್ವಿ.

ಆ ನೈಲಾನ್ ಎಳಿ ಎರಡೂ ಪಾದದ ಮುಂದಿನ ಅರ್ಧಕ್ಕ ಗೊತ್ತಾಗಲಿಲ್ಲ. ಬಲಗಾಲಿನ ರಕ್ತದ ಲೆಕ್ಕ 0.84, ಎಡಗಾಲಿಂದು 0.97. ಬಿ12 ಕಮ್ಮಿನೇ ಐತಿ, ಇಂಜೆಕ್ಷನ್ ಬರದಾರ. ಬಲಪಾದದ ಹೆಬ್ಬೆರಳ ಬುಡದಾಗ ಆಣಿ ಇತ್ತು. ಡಾಕ್ಟರ್ ಅದನ್ನ ತೆಳ್ಳಗ ಹೆರೆದಾಗ ಒಳಗ ಕಪ್ಪಗ ರಕ್ತ ಹೆಪ್ಪುಗಟ್ಟಿದ್ದು ಕಾಣ್ತು. ಇನ್ನೊಂದು ಸ್ವಲ್ಪ ದಿನ ಬಿಟ್ಟಿದ್ರ ಇದ ಹುಣ್ಣಾಗ್ತಿತ್ತು ಅಂದ್ರು. ಕಿಡ್ನಿ ಸದ್ಯ ಸರಿ ಐತಿ. ಕೊಬ್ಬಿನ ಗುಳಿಗಿ, ರಕ್ತ ತಿಳಿ ಮಾಡೋ ಗುಳಿಗಿ ಹೊಸದಾಗಿ ಶುರು ಮಾಡ್ಯಾರ. ಕಣ್ಣಿನ ಪರೀಕ್ಷಿಗೆ ಬ್ಯಾರೆ ದಿನ ಕೊಟ್ಟಾರ. 3 ತಿಂಗಳಿಗೆ ಮತ್ತ ಬರಬೇಕು.

ಪಾದಯಾತ್ರಿಗೆ ಡಾಕ್ಟರ್ ಸಾಫ್ ಬ್ಯಾಡ ಅಂದ್ರು. ಅಪ್ಪ ಮುಖ ಬಿಗಿ ಹಿಡದಾನ. ದಾಸೋಹದ ಅಣ್ಣಾರ ಮಾತು ಹೇಳೀನಿ, ಹೂಂ ಅಂದಿಲ್ಲ, ಊಹೂಂ ಅಂದೂ ಇಲ್ಲ. ಬೀಡಿ ಬಿಟ್ಟಿಲ್ಲ. ಹಿತ್ತಲಾಗ ಸೇದ್ತಾನ ಅಂತ ಅವ್ವ ಫೋನ್ ಮಾಡಿ ಹೇಳಿದ್ಲು. ಒಂದು ಕೆಲಸ ಮಾತ್ರ ನಡದೈತಿ: ತಂಗಿ ದಿನಾ ಸಂಜಿ ಅಪ್ಪನ ಎರಡೂ ಅಂಗಾಲು, ಬೆರಳ ಸಂದಿ ಫೋಟೊ ತಗದು ನನಗ ಕಳಿಸ್ತಾಳ. ನಿನ್ನಿ ಫೋಟೊ ಬಾಜು ಇವತ್ತಿಂದು ಇಟ್ಟು ನೋಡ್ತೀನಿ.

ನರ್ಸಕ್ಕಾರ, ಗದ್ದಿ ಕೆಲಸ ಪೂರ್ತಿ ಬಿಡಿಸಬೇಕೇನ್ರಿ? ಹಿಮ್ಮಡಿಗೆ ಏನು ಹಚ್ಚಬೇಕು?

ರಾಯಚೂರು ಜಿಲ್ಲೆ, ಸ್ಟಾಫ್ ನರ್ಸ್:

ಹೆಪ್ಪುಗಟ್ಟಿದ ಜಾಗ ಸರಿಯಾಗೋವರೆಗೆ ಕೆಸರಿಗೆ ಇಳಿಯೋದು ಬೇಡ. ಆಮೇಲೆಯೂ ನಾಟಿ ಹಚ್ಚೋದು ಬೇರೆಯವರಿಗೆ ಬಿಟ್ಟು, ಅವರು ಬದು ಮೇಲೆ ಪಟ್ಟಿ ಇರೋ ಚಪ್ಪಲಿ ಹಾಕಿ ನೋಡಿಕೊಳ್ಳಲಿ. ಗಮ್‌ಬೂಟು ಕೆಲವರು ಹಾಕ್ತಾರೆ, ಒಳಗೆ ನೀರು ಹೋದರೆ ನೆಂದ ಚರ್ಮ ಸುಲಿಯುತ್ತೆ, ಅದಕ್ಕೆ ನಾನು ಹೂಂ ಅನ್ನಲ್ಲ. ಮನೆಗೆ ಬಂದ ಮೇಲೆ ತಣ್ಣೀರು ಇಲ್ಲಾ ಉಗುರುಬೆಚ್ಚಗಿನ ನೀರಲ್ಲಿ ತೊಳೀಲಿ. ನೀರಿನ ಬಿಸಿ ಅವರು ನೋಡೋದಲ್ಲ, ನಿಮ್ಮ ತಾಯಿ ಮೊಣಕೈ ಇಟ್ಟು ನೋಡಲಿ. ನೆನೆಸಿ ಕೂರೋದು ಬೇಡ. ಬೆರಳ ಸಂದಿ ಬಟ್ಟೆಯಿಂದ ಒತ್ತಿ ಒರೆಸಿ. ಹಿಮ್ಮಡಿಗೆ ವ್ಯಾಸಲಿನ್, ಕೊಬ್ಬರಿ ಎಣ್ಣೆ ಯಾವುದಾದ್ರೂ ಆಗುತ್ತೆ, ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ಒದ್ದೆ ಇದ್ರೆ ಫಂಗಸ್. ಉಗುರು ನೇರಕ್ಕೆ ಕತ್ತರಿಸಿ, ಮೂಲೆಗೆ ಇಳೀಬೇಡಿ.

ಬೀಡಿ ವಿಷಯ ತಾಯಿಗೆ ಬಿಡಬೇಡಿ, ದಿನಾ ಮನೆಯಲ್ಲಿ ಜಗಳ ಆಗುತ್ತೆ. ಮುಂದಿನ ಸಲ ಬಂದಾಗ 0.84 ಅನ್ನೋದನ್ನ ಡಾಕ್ಟರೇ ಬೀಡಿಗೆ ಕೂಡಿಸಿ ಹೇಳಲಿ, ಅದಕ್ಕೆ ಬೆಲೆ ಬರುತ್ತೆ. ಫೋಟೊದಲ್ಲಿ ಕೆಂಪು ಹರಡ್ತಾ ಇದ್ರೆ, ಕಪ್ಪಾದ್ರೆ, ಕೀವು, ವಾಸನೆ, ಜ್ವರ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ.

ತೋರಣಗಲ್ಲು ಕಡೆ ಸ್ಟೀಲ್ ಪ್ಲಾಂಟ್ ಕೆಲಸಗಾರ:

ನಡುವೆ ಬಂದೆ, ಕ್ಷಮಿಸಿ. ನನಗೆ 41, ಶುಗರ್ ಬಂದು ಆರು ವರ್ಷ. ಶಿಫ್ಟ್ ಪೂರ್ತಿ ಕಬ್ಬಿಣದ ಮೂತಿಯ ಸೇಫ್ಟಿ ಶೂ ಹಾಕಲೇಬೇಕು, ಬಿಡೋ ಹಂಗಿಲ್ಲ. ಕಿರುಬೆರಳ ಪಕ್ಕ ದಿನಾ ಕೆಂಪಗಾಗುತ್ತೆ. ಸ್ಪರ್ಶ ಐತೆ, ಆರು ಜಾಗವೂ ಗೊತ್ತಾಯ್ತು. ನನಗೂ ಅಪಾಯ ಐತಾ?

ಬಳ್ಳಾರಿ, ಪಾದರಕ್ಷೆ ಕೆಲಸ:

ಸ್ಪರ್ಶ ಇರೋವಾಗಲೇ ಕೇಳಿದ್ರಲ್ಲ, ಒಳ್ಳೇದಾಯ್ತು. ಕಿರುಬೆರಳ ಪಕ್ಕ ಕೆಂಪಾಗೋದು ಅಗಲ ಸಾಲದೆ, ಉದ್ದ ಅಲ್ಲ. ಒಂದು ಸೈಜ್ ದೊಡ್ಡದು ತಗೊಂಡ್ರೆ ಹಿಮ್ಮಡಿ ಆಡಿ ಅಲ್ಲಿ ಗುಳ್ಳೆ ಏಳುತ್ತೆ. ಅದೇ ಸೈಜಲ್ಲಿ ಅಗಲ ಮೂತಿಯ ಸೇಫ್ಟಿ ಶೂ ಬರುತ್ತೆ. ಡಾಕ್ಟರ್ ಚೀಟಿ ತಗೊಂಡು ನಿಮ್ಮ ಸೇಫ್ಟಿ ಆಫೀಸರ್‌ಗೆ ಕೊಟ್ಟು ಕೇಳಿ. ನೀವೇ ಬ್ಲೇಡಿಂದ ಶೂ ಪಕ್ಕ ಕುಯ್ಯಬೇಡಿ, ಕೆಲವರು ಮಾಡ್ತಾರೆ, ಬಿಸಿ ಕಿಡಿ ಒಳಗೆ ಹೋಗುತ್ತೆ. ಹಾಕೋ ಮೊದಲು ಒಳಗೆ ಕೈ ಹಾಕಿ ಹಳ್ಳು, ಎದ್ದ ಹೊಲಿಗೆ ಇದೆಯಾ ನೋಡಿ. ಹತ್ತಿಯ ತಿಳಿಬಣ್ಣದ ಸಾಕ್ಸ್ ಹಾಕಿ, ರಕ್ತವೋ ಕೀವೋ ಅಂಟಿದ್ರೆ ಕಾಣುತ್ತೆ, ಮತ್ತೆ ಬ್ಯಾಗಲ್ಲಿ ಇನ್ನೊಂದು ಜೊತೆ ಇಟ್ಟುಕೊಂಡು ಊಟದ ಬಿಡುವಿನಲ್ಲಿ ಬೆವರಿದ್ದನ್ನ ಬದಲಾಯಿಸಿ. ಹಳೇ ಶೂ ಒಂದ್ಸಲ ತಂದು ತೋರಿಸಿ, ಒಳಗಿನ ಪದರ ಬದಲಾಯಿಸಿದ್ರೆ ಎಷ್ಟು ಜಾಗ ಸಿಗುತ್ತೆ ನೋಡೋಣ.